ದಿನಕ್ಕೆ ಹನ್ನೊಂದು ಊಟ

ರಾಣೆಬೆನ್ನೂರು
ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಹತ್ತೊಂಬತ್ತನೆಯ ಇಸವಿ

ಇನ್ನೂರು ವರ್ಷ ಹಿಂದಿರುವ ನಿಮಗೆ, ನೆರಳುಪೇಟೆಯ ನಿಂಬೆವ್ವ ಮಾಡುವ ನಮಸ್ಕಾರ.

ಫೆಬ್ರವರಿಯಲ್ಲಿ ಮೂವತ್ತನೆಯ ತಾರೀಕು ಎಲ್ಲಿಂದ ಬಂತು ಎಂದು ನೀವು ಮೊದಲ ಸಾಲಿಗೇ ಹುಬ್ಬೇರಿಸಿರುತ್ತೀರಿ. ನಿಮ್ಮಲ್ಲಿ ಆ ತಿಂಗಳನ್ನು ಇಪ್ಪತ್ತೆಂಟಕ್ಕೇ ಮುಗಿಸಿ ಕೈತೊಳೆದುಕೊಳ್ಳುತ್ತಿದ್ದರೆಂದು ಓದಿದ್ದೇನೆ. ನಾವು ಎಲ್ಲ ತಿಂಗಳಿಗೂ ಸಮನಾಗಿ ಮೂವತ್ತು ದಿನ ಹಂಚಿ, ಉಳಿದ ಐದನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಯಲ್ಲಿ ಮಲಗುವುದಕ್ಕೆಂದೇ ಇಟ್ಟುಕೊಂಡಿದ್ದೇವೆ. ತಾರೀಕಿನಂತೆ ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಅಚ್ಚಿನ ಕನ್ನಡವನ್ನು ಹದಿನೈದು ದಿನ ಕೂತು ಓದಿ, ಅದೇ ಧಾಟಿಯಲ್ಲಿ ಬರೆಯಲು ಪ್ರಯತ್ನಿಸುತ್ತಿದ್ದೇನೆ. ಖುಷಿ ಹೆಚ್ಚಾದ ಕಡೆ ಕೈ ತಪ್ಪೀತು. ಇವತ್ತಂತೂ ಖುಷಿಗೆ ಪೆನ್ನು ಕಾಗದದ ಮೇಲೆ ನಿಲ್ಲುತ್ತಲೇ ಇಲ್ಲ.

ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಹಿಂದಿನ ಕಾಲಕ್ಕೆ ಹೋಗುವ ಓಲೆ ಎಂದು ಅರ್ಥ. ಒಬ್ಬರಿಗೆ ಇಡೀ ಆಯುಷ್ಯದಲ್ಲಿ ಒಂದೇ ಒಂದು. ನನ್ನ ಅತ್ತೆ ಬಸಲಿಂಗವ್ವ ತಮ್ಮದನ್ನು ಹತ್ತೊಂಬತ್ತನೆಯ ವಯಸ್ಸಿನಲ್ಲೇ ಖರ್ಚು ಮಾಡಿದರು. ಈ ಸುಡುಬಿಸಿಲಿಗೆ ನೀವೇ ಕಾರಣವೆಂದು ನಾಲ್ಕು ಪುಟ ಬೈದು ಕಳಿಸಿದ್ದರಂತೆ. ನೀವು ಉತ್ತರ ಬರೆಯಲಿಲ್ಲವೆಂದು ಇವತ್ತಿಗೂ ಅವರಿಗೆ ಸಿಟ್ಟಿದೆ. ಮುಂದಕ್ಕೆ ಪತ್ರ ಕಳಿಸುವ ದಾರಿ ನಿಮಗಿಲ್ಲ ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾನು ಮಾತ್ರ ನನ್ನದನ್ನು ಮೂವತ್ತನಾಲ್ಕು ವರ್ಷ ಜೋಪಾನ ಮಾಡಿ ಇಟ್ಟುಕೊಂಡಿದ್ದೆ, ಇವತ್ತು ತೆಗೆದಿದ್ದೇನೆ. ನನ್ನ ಗಂಡ ಫಕ್ಕೀರೇಶನಿಗೆ ಎರಡು ವರ್ಷದಿಂದ ಬಿಡದ ಸುಸ್ತು ಹತ್ತಿಕೊಂಡಿತ್ತು. ನಮಗೆ ಹುಟ್ಟಬೇಕಾದ ಮಗುವನ್ನು ಅದು ಹುಟ್ಟುವ ಮೊದಲೇ ಕಿತ್ತುಕೊಳ್ಳುವುದರಲ್ಲಿತ್ತು. ಅದು ಹೇಗೆ ಹಿಡಿಯಿತು, ಹೇಗೆ ಬಿಟ್ಟಿತು ಎಂದು ಹೇಳುತ್ತೇನೆ. ನಿಮ್ಮ ಪತ್ರಿಕೆಗಳ ಜಾಹೀರಾತು ನೋಡಿದರೆ ನಿಮ್ಮ ಮನೆಗಳಲ್ಲೂ ಇಂಥ ಗಂಡಸರು ಕಡಿಮೆಯಿಲ್ಲ ಎಂದು ತಿಳಿಯುತ್ತದೆ.

ಮೊದಲು ಅವನ ಕೆಲಸ ತಿಳಿಸಬೇಕು. ನಮ್ಮ ಊರಿನ ಎಲ್ಲ ಬೀದಿಗಳ ಮೇಲೂ ದಪ್ಪ ಬಟ್ಟೆಯ ಚಪ್ಪರವಿದೆ, ಅದರ ಹೆಸರು ನೆರಳುಹಾಸು. ಬರಿತಲೆಯಲ್ಲಿ ಅರ್ಧ ಗಂಟೆ ಬಿಸಿಲಿಗೆ ನಿಂತರೆ ಮನುಷ್ಯ ಬೀಳುತ್ತಾನೆ. ಹಾಗಾಗಿ ಸೂರ್ಯ ಸರಿದಂತೆಲ್ಲ ಬಟ್ಟೆಯೂ ಸರಿಯಬೇಕು. ಈ ಕೆಲಸವನ್ನು ಮೋಟಾರುಗಳಿಗೆ ಒಪ್ಪಿಸಿದ್ದ ಕಾಲವೂ ಇತ್ತಂತೆ. ದೂಳಿಗೂ ಸೆಕೆಗೂ ಅವು ವಾರಕ್ಕೊಮ್ಮೆ ಸುಟ್ಟುಹೋಗಿ, ಊರವರು ರೋಸಿ, ಕೊನೆಗೆ ಹಗ್ಗ, ರಾಟೆ ಮತ್ತು ಗಂಡಸರ ರಟ್ಟೆಗೇ ಮರಳಿದರು. ಹಗ್ಗ ಎಳೆಯುವವರನ್ನು ನೆರಳುಗಾರರು ಎನ್ನುತ್ತೇವೆ, ಒಟ್ಟು ಹದಿನಾಲ್ಕು ಜನ. ಹರಿದ ಬಟ್ಟೆಗೆ ತೇಪೆ ಹಾಕುವ ಹೆಂಗಸರ ಶೆಡ್ಡಿನಲ್ಲಿ ನಾನು ಕೂರುತ್ತೇನೆ. ಮದುವೆಯಾದ ಹೊಸದರಲ್ಲಿ ಫಕ್ಕೀರೇಶ ಎರಡು ಬೀದಿಯ ಹಗ್ಗವನ್ನು ಒಬ್ಬನೇ ಎಳೆಯುತ್ತಿದ್ದ. ಅಷ್ಟಾದ ಮೇಲೂ ಸಂಜೆ ಬಂದು, ನನ್ನ ಹೊಲಿಗೆ ಎಲ್ಲೆಲ್ಲಿ ಸೊಟ್ಟವಾಗಿದೆ ಎಂದು ತೋರಿಸಿ ಜಗಳ ತೆಗೆಯುವಷ್ಟು ಹುರುಪು ಅವನಲ್ಲಿ ಉಳಿದಿರುತ್ತಿತ್ತು.

ಎರಡು ವರ್ಷದ ಹಿಂದೆ ಆ ಜಗಳ ನಿಂತಿತು. ಸುಳ್ಳೇಕೆ ಹೇಳಲಿ, ಮೊದಮೊದಲು ನನಗೆ ನಿರಾಳವೇ ಆಯಿತು. ಆಮೇಲೆ ನೋಡಿದರೆ ಅವನ ನಗುವೂ ನಿಂತಿತ್ತು. ಕೆಲಸದಿಂದ ಬಂದವನು ಚಪ್ಪಲಿ ಬಿಡುವುದಕ್ಕೂ ಬೇಸರಪಟ್ಟು ಹಾಗೇ ಒರಗುತ್ತಿದ್ದ. ದುಡಿದ ದಣಿವಾದರೆ ಮಲಗಿ ಎದ್ದಾಗ ಹೋಗಬೇಕು. ಇವನ ಸುಸ್ತು ಮಲಗಿ ಎದ್ದಾಗಲೇ ಶುರುವಾಗುತ್ತಿತ್ತು. ಕೇಳಿದರೆ ಹಂಗೇನಿಲ್ಲ ಎನ್ನುತ್ತಿದ್ದ. ಹದಿನಾಲ್ಕು ನೆರಳುಗಾರರಲ್ಲಿ ಒಂಬತ್ತು ಮಂದಿಯ ಪಾಡು ಹೀಗೇ ಇತ್ತು, ಒಂಬತ್ತು ಮಂದಿಯ ಹೆಂಡಂದಿರಿಗೂ ಹಂಗೇನಿಲ್ಲ ಎಂಬ ಒಂದೇ ಉತ್ತರ ಸಿಗುತ್ತಿತ್ತು. ಊರವರು ಈ ಕಾಯಿಲೆಗೆ ಹಗ್ಗದ ಸುಸ್ತು ಎಂದು ನಾಮಕರಣವನ್ನೂ ಮಾಡಿದರು. ಹಗ್ಗ ಎಳೆದೆಳೆದು ಗಂಡಸಿನ ಸತ್ವ ಅಂಗೈಯಿಂದಲೇ ಸೋರಿಹೋಗುತ್ತದೆ ಎಂದು ತಿಳಿದವರೊಬ್ಬರು ಭಾಷಣ ಮಾಡಿದರು, ನಾವೆಲ್ಲ ತಲೆಯಾಡಿಸಿ ಕೇಳಿದೆವು. ಶೆಡ್ಡಿನ ಹೆಂಗಸರು ದಿನವಿಡೀ ಅದೇ ಸೆಕೆಯಲ್ಲಿ ಮಣಭಾರದ ಬಟ್ಟೆ ಎತ್ತಿ ಇಳಿಸುತ್ತಿದ್ದೆವು. ನಮಗೆ ಯಾರಿಗೂ ಈ ಕಾಯಿಲೆ ಏಕಿಲ್ಲ ಎಂದು ಒಬ್ಬರೂ ಕೇಳಲಿಲ್ಲ.

ನಮ್ಮ ಊಟದ ಏರ್ಪಾಡು ತಿಳಿಯದೆ ಮುಂದಿನ ಮಾತು ನಿಮಗೆ ಅರ್ಥವಾಗದು. ನಮ್ಮ ಮನೆಗಳಲ್ಲಿ ಒಲೆ ಇಲ್ಲ. ಸೆಕೆ ಹೆಚ್ಚುತ್ತದೆಂದು ಅರವತ್ತು ವರ್ಷದ ಹಿಂದೆಯೇ ತೆಗೆಸಿಬಿಟ್ಟರು. ಹಬ್ಬಗಳಿಗೆಂದು ವರ್ಷಕ್ಕೆ ಹನ್ನೆರಡು ದಿನ ಮಾತ್ರ ಒಲೆಚೀಟಿ ಸಿಗುತ್ತದೆ. ಉಳಿದ ದಿನ ಪ್ರತಿ ಬೀದಿಗೊಂದು ಅಳತೆಮನೆ ಇದೆ. ಅದು ಒಬ್ಬೊಬ್ಬರ ಮೈಗೆ ತಕ್ಕಷ್ಟು ಅಳೆದು ತಟ್ಟೆ ಕೊಡುತ್ತದೆ. ತಕ್ಕಷ್ಟು ಎಂದು ಅದಕ್ಕೆ ಹೇಳುವುದು, ಎರಡೂವರೆ ವರ್ಷದ ಹಿಂದೆ ಬಂದ ನಮ್ಮ ಕಿವಿಮಣಿ. ಕಿವಿಯ ಹಾಲೆಗೆ ಹಾಕುವ ಕಾಳಿನಷ್ಟು ಗಾತ್ರದ ಯಂತ್ರ ಅದು. ನಾವು ಹೊರಗೆ ಏನಾದರೂ ತಿಂದೆವೋ, ಮದುವೆ ಮನೆಯಲ್ಲಿ ಉಂಡೆವೋ, ಮಂಡಕ್ಕಿ ಮೆಲ್ಲಿದೆವೋ ಎಂದು ನಮ್ಮ ಮಾತಿನಿಂದಲೇ ತಿಳಿದುಕೊಂಡು ಗುರುತು ಹಾಕಿಕೊಳ್ಳುತ್ತದೆ. ಗುರುತು ಹಾಕುವಾಗ ಒಮ್ಮೆ ಹಸಿರಾಗಿ ಮಿನುಗುತ್ತದೆ. ಹೊರಗೆ ಉಂಡದ್ದು ಹೆಚ್ಚಾದರೆ ಅಳತೆಮನೆ ಮರುದಿನದ ತಟ್ಟೆಯಲ್ಲಿ ಅಷ್ಟು ತಗ್ಗಿಸುತ್ತದೆ. ಫಕ್ಕೀರೇಶನ ತಟ್ಟೆಯಲ್ಲಿ ಮೂರಿದ್ದ ರೊಟ್ಟಿ ಎರಡಾಗಿತ್ತು, ಎರಡು ಒಂದೂವರೆಯಾಗಿತ್ತು. ಕಾಳಿನ ಪಲ್ಯ ಚಮಚಕ್ಕೆ ಇಳಿದಿತ್ತು, ಎಣ್ಣೆ ಮತ್ತು ಶೇಂಗಾ ಪೂರ್ತಿ ಮಾಯವಾಗಿದ್ದವು. ಅವನು ಊಟ ಮಾಡುವುದು ನೆರಳುಗಾರರ ಪಂಕ್ತಿಯಲ್ಲಿ, ನಾನು ಶೆಡ್ಡಿನಲ್ಲಿ. ಹಾಗಾಗಿ ಅವನ ತಟ್ಟೆ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಹೆಂಡತಿಯಾದವಳು ಎರಡು ವರ್ಷ ಗಂಡನ ತಟ್ಟೆ ನೋಡಲಿಲ್ಲವೇ ಎಂದು ನೀವು ಬೈದರೆ ಬೈಸಿಕೊಳ್ಳುತ್ತೇನೆ.

ಕಳೆದ ನವೆಂಬರಿನಲ್ಲಿ ನಾನೇ ಜುಲುಮೆ ಮಾಡಿ ಅವನನ್ನು ಡಾಕ್ಟರ್ ಶಹನಾಜ್ ಹುಲಗೂರರ ಹತ್ತಿರ ಕರೆದುಕೊಂಡು ಹೋದೆ. ಆಕೆ ಒಳ್ಳೆಯವರು, ಅವಸರದವರಲ್ಲ. ಥೈರಾಯ್ಡ್, ಕಬ್ಬಿಣಾಂಶ, ಬಿ ಹನ್ನೆರಡು, ಸಕ್ಕರೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೋ ಹೇಗೆ, ಮನಸ್ಸಿಗೆ ಏನಾದರೂ ಹಚ್ಚಿಕೊಂಡಿದ್ದಾನೋ ಹೇಗೆ ಎಂದು ಒಂದೊಂದನ್ನೂ ಪರೀಕ್ಷೆ ಮಾಡಿದರು. ಸುಸ್ತು ಎಂಬುದು ಹತ್ತು ಬಾಗಿಲಿನಿಂದ ಒಳಗೆ ಬರುತ್ತದೆ, ಎಲ್ಲ ಬಾಗಿಲೂ ನೋಡಬೇಕು ಎಂದರು. ಥೈರಾಯ್ಡ್ ಸ್ವಲ್ಪ ನಿಧಾನ ಎಂಬುದನ್ನು ಬಿಟ್ಟರೆ ಅವುಗಳಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಹುರುಪುರಸ ನೋಡಿದರು. ನೀವು ಟೆಸ್ಟೋಸ್ಟಿರಾನ್ ಎಂದು ನಾಲಿಗೆ ಹೊರಳಿಸುತ್ತಿದ್ದಿರಲ್ಲ, ಅದೇ. ನಿಮ್ಮ ಅಳತೆಯಲ್ಲೇ ಹೇಳುವುದಾದರೆ ಮುನ್ನೂರರ ಮೇಲಿರಬೇಕಾದದ್ದು ಇನ್ನೂರ ಹತ್ತಿತ್ತು. ತೂಕವೂ ಒಂಬತ್ತು ಕಿಲೋ ಇಳಿದಿತ್ತು. ಕಿವಿಮಣಿಯ ವರದಿಯಲ್ಲಿ ಊಟ ಸಾಕಷ್ಟಕ್ಕಿಂತ ಹೆಚ್ಚು ಎಂದು ಒಂದೇ ಸಾಲು ಇತ್ತು. ಇಷ್ಟು ತಿಂದೂ ಮೈಗೆ ಹತ್ತುತ್ತಿಲ್ಲವೆಂದರೆ ರಸದ ಕೊರತೆಯೇ ಮೂಲ ಎಂದು ಡಾಕ್ಟರ್ ತೀರ್ಮಾನಿಸಿದರು. ಹದಿನೈದು ದಿನಕ್ಕೊಮ್ಮೆ ಆ ರಸದ ಸೂಜಿ, ಮುಂದಿನ ಗುರುವಾರದಿಂದ ಶುರು ಎಂದರು.

ಸೂಜಿಗೆ ಮೊದಲು ಒಂದು ಒಪ್ಪಿಗೆ ಪತ್ರ ತುಂಬಬೇಕು. ಅದರ ಕಾರಣವನ್ನು ಡಾಕ್ಟರ್ ಬಿಡಿಸಿ ಹೇಳಿದರು. ಹೊರಗಿನಿಂದ ಹುರುಪುರಸ ಬರತೊಡಗಿದರೆ, ಇನ್ನು ನನಗೇನು ಕೆಲಸ ಎಂದು ಮೈ ತನ್ನ ಕಾರ್ಖಾನೆಯನ್ನು ಮುಚ್ಚುತ್ತದೆ. ರಸದ ಜೊತೆಗೆ ವೀರ್ಯದ ಬೀಜವೂ ನಿಂತುಹೋಗುತ್ತದೆ. ಮುಂದೆ ಸೂಜಿ ಬಿಟ್ಟರೂ ಅದು ಮತ್ತೆ ಶುರುವಾಗಲು ತಿಂಗಳುಗಟ್ಟಲೆ ಬೇಕು, ಕೆಲವರಲ್ಲಿ ಸರಿಯಾಗಿ ಆಗುವುದೂ ಇಲ್ಲ. ಆದ್ದರಿಂದ ಮುಂದೆ ಮಗು ಬೇಕೇ ಎಂಬ ಪ್ರಶ್ನೆ ಪತ್ರದ ಮೊದಲ ಸಾಲಿನಲ್ಲೇ ಇದೆ. ನಮ್ಮ ಮದುವೆಯಾಗಿ ಆರು ವರ್ಷ. ಮಗುವಿಗೆ ಮೂರು ಹೆಸರು ಯೋಚಿಸಿಟ್ಟುಕೊಂಡಿದ್ದವಳು ನಾನು. ಪತ್ರದ ಮೇಲೆ ಕಣ್ಣು ಹಾಯಿಸಿದರೆ, ನಾನು ಔಷಧ ತರಲು ಹೊರಗೆ ಹೋಗಿದ್ದ ಐದು ನಿಮಿಷದಲ್ಲಿ ಅವನು ಬೇಡ ಎಂದು ಬರೆದು ರುಜು ಹಾಕಿಬಿಟ್ಟಿದ್ದ.

ಅವನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದು ಮನೆಗೆ ಬಂದೆ. ಒಳಗೆ ಕಾಲಿಟ್ಟ ಮೇಲೆ, ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವಾ ಎಂದು ಕೂಗಾಡಿದೆ, ಅತ್ತೆ ಬಂದು ಬಿಡಿಸಬೇಕಾಯಿತು. ಫಕ್ಕೀರೇಶ ಗೋಡೆಗೆ ಒರಗಿ ಕೂತೇ ಇದ್ದ. ಸಿಟ್ಟು ಮಾಡಲೂ ಅವನಲ್ಲಿ ಕಸುವಿರಲಿಲ್ಲ.

"ಯಾವದೂ ಬೇಕು ಅನಸವಲ್ದು, ನಿಂಬಿ," ಎಂದ. "ಕೂಸು ಅಂದ್ರೂ ಅಷ್ಟ. ನಾ ಏನ್ ಮಾಡ್ಲಿ?"

ಅವನಿಗೆ ನಾನೇ ಬೇಡವಾಗಿದ್ದೇನೆ ಎಂದು ಆ ಹೊತ್ತು ನನಗೆ ಖಾತ್ರಿಯಾಯಿತು. ಅಡ್ಡಗೋಡೆಯ ಆಚೆ ಹೋಗಿ ಕಣ್ಣೀರು ಹಾಕಿದೆ. ಹೀಗೆ ಮೂರು ದಿನ ಕಳೆಯಿತು.

ಮಂಗಳವಾರ ಸ್ಟೇಷನ್ ಬೀದಿಯ ನೆರಳುಹಾಸು ನಟ್ಟನಡುವೆ ಹರಿಯಿತು. ಇಳಿಸಿ ಶೆಡ್ಡಿಗೆ ಒಯ್ಯಲು ಪುರುಸೊತ್ತಿಲ್ಲದೆ, ಏಣಿ ಹಾಕಿ ಅಲ್ಲೇ ತೇಪೆ ಹಾಕಲು ನನ್ನನ್ನು ಕಳಿಸಿದರು. ಅದು ಫಕ್ಕೀರೇಶನ ಬೀದಿ. ಮಾತು ಬಿಟ್ಟವರಿಬ್ಬರೂ ಮುಂಜಾನೆ ಆರಕ್ಕೆ ಒಂದೊಂದು ತಟ್ಟೆ ಮುಗಿಸಿ, ನಾನು ಮೇಲೆ, ಅವನು ಕೆಳಗೆ ಎಂದು ನಿಂತೆವು. ಮದುವೆಯಾದ ಮೇಲೆ ಅವನ ಕೆಲಸದ ಹೊತ್ತಿನಲ್ಲಿ ಇಡೀ ದಿನ ಅವನ ಜೊತೆಗಿದ್ದದ್ದು ಅದೇ ಮೊದಲು. ಬೀದಿಯಲ್ಲಿ ಬರುವವರೆಲ್ಲ ನೆರಳುಗಾರನನ್ನು ಮಾತಾಡಿಸದೆ ಹೋಗುವುದಿಲ್ಲ. ಮಾತಾಡಿಸುವುದೆಂದರೆ ನಿಮ್ಮಿಂದಲೇ ನಮಗೆ ಬಂದ ಆ ಮಾತು, ಊಟ ಆತಾ. ಒಲೆ ಹೋದರೂ ಅದು ಹೋಗಿಲ್ಲ. ನೀರು ಹಂಚುವ ಹನುಮವ್ವ ಕೇಳಿದಳು, ಆತು ಎಂದ. ಶಾಲೆಯ ಮಾಸ್ತರು ಕೇಳಿದರು, ಆತ್ರಿ ಎಂದ. ಕಿವಿ ಕೇಳಿಸದ ಮುದುಕರೊಬ್ಬರು ಹೋಗುತ್ತ ಕೇಳಿ, ಬರುತ್ತಲೂ ಕೇಳಿದರು. ಅವರಿಗೂ ಎರಡು ಸಲ ಆತು. ಒಂದೊಂದು ಸಲವೂ ಅವನ ಕಿವಿಮಣಿ ಹಸಿರಾಗಿ ಮಿನುಗುವುದು ಮೇಲಿನಿಂದ ನನಗೆ ಕಾಣುತ್ತಿತ್ತು. ಮೊದಲು ಹೊತ್ತು ಕಳೆಯುವುದಕ್ಕೊಂದು ಆಟ ಬೇಕಾಗಿ ಎಣಿಸಿದೆ. ಆರನೆಯದರ ಹೊತ್ತಿಗೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೈ ನಿಲ್ಲಿಸಿದೆ.

ಮೂರು ಗಂಟೆಗೆ ಅವನು ಏಣಿಯ ಕೆಳಗಿನ ಮೆಟ್ಟಿಲಿನ ಮೇಲೆ ಕೂತ. ಮುಖ ಬೂದಿಯಾಗಿತ್ತು. ಅಷ್ಟು ಹೊತ್ತಿಗೆ ಹತ್ತು ಆಗಿದ್ದವು. ನಾನು ಇಳಿದು ಬಂದು ಎದುರಿಗೆ ನಿಂತು, ಮೂರು ದಿನದ ಮೇಲೆ ಮೊದಲ ಸಲ ಬಾಯಿ ಬಿಟ್ಟು, ಊಟ ಆತಾ ಎಂದು ಕೇಳಿದೆ. ಹರಿದ ಬಟ್ಟೆಯ ಗಡಿಬಿಡಿಯಲ್ಲಿ ಇಬ್ಬರೂ ಮಧ್ಯಾಹ್ನದ ತಟ್ಟೆಗೂ ಹೋಗಿರಲಿಲ್ಲ, ಮುಂಜಾನೆ ಆರರಿಂದ ಅವನು ಒಂದು ತುತ್ತೂ ತಿಂದದ್ದನ್ನು ಕಂಡವಳಲ್ಲ ನಾನು, ಅದು ಅವನಿಗೂ ಗೊತ್ತು. ಆದರೂ ನನ್ನ ಮುಖವನ್ನೇ ನೋಡುತ್ತ ಆತು ಎಂದ. ಕಿವಿ ಮಿನುಗಿತು. ಹನ್ನೊಂದು.

ನಿಮಗೆ ಹೇಗೆ ಹೇಳಲಿ, ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹಸಿದಿದ್ದೀಯಾ ಎಂದು ಕೇಳಿದೆ. ಅವನು ಯೋಚನೆ ಮಾಡಿದ. ಯಾರೂ ಎಂದೂ ಕೇಳದ ಪ್ರಶ್ನೆ ಅದು ಎಂಬಂತೆ ಬಹಳ ಹೊತ್ತು ಯೋಚನೆ ಮಾಡಿದ.

"ಹಸಿವಾತು ಅಂತ ಹೇಳಾಕ ನಾ ಏನ್ ಸಣ್ಣ ಕೂಸನ?" ಎಂದ. "ಅಳತಿಮನಿಯವರು ಇಷ್ಟ ಸಾಕು ಅಂತ ಕೊಟ್ಟಾರ. ಸಾಕಿರಬೇಕು."

ಅವನ ಕೈ ಹಿಡಿದು ದರದರ ಎಳೆದುಕೊಂಡು ಡಾಕ್ಟರ್ ಹತ್ತಿರ ನಡೆದೆ. ಹರಿದ ಚಪ್ಪರ ಹಾಗೇ ನೇತಾಡುತ್ತಿತ್ತು. ಅದಕ್ಕಾಗಿ ಆಮೇಲೆ ಮಾತು ಕೇಳಬೇಕಾಯಿತು, ಇರಲಿ. ಕಿವಿಮಣಿಯ ಒಂದು ಸಾಲಿನ ವರದಿ ಬೇಡ, ಒಳಗಿರುವುದನ್ನು ಬಿಚ್ಚಿ ತೋರಿಸಿ ಎಂದು ಕೇಳಿಕೊಂಡೆ. ಡಾಕ್ಟರ್ ಬಿಚ್ಚಿದರು. ಆ ಮಂಗಳವಾರ ಹನ್ನೊಂದು ಊಟ. ಹಿಂದಿನ ದಿನ ಒಂಬತ್ತು. ಸಂತೆಯ ದಿನ ಹದಿನೇಳು. ಡಾಕ್ಟರ್ ಮೊದಲು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಗು ನಿಂತ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಪ್ಪು ನಂದ ಐತಿ, ನಿಂಬೆವ್ವ," ಎಂದರು. "ಏನ್ ಉಂಡಿ ಅಂತ ಇವರನ್ನ ಒಂದ ಮಾತು ಕೇಳಲಿಲ್ಲ ನಾನು."

ಆಮೇಲೆ ಆಕೆ ಹೇಳಿದ್ದನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೇನೆ. ದುಡಿಮೆ ಹೆಚ್ಚಾಗಿ ತುತ್ತು ಕಡಿಮೆಯಾದಾಗ, ಇದು ಬರಗಾಲವಿರಬೇಕು ಎಂದು ಮಿದುಳು ತಿಳಿಯುತ್ತದೆ. ಬರಗಾಲದಲ್ಲಿ ಮೊದಲು ನಿಲ್ಲಿಸುವುದು ಸಂತಾನದ ಖರ್ಚನ್ನು. ಹುರುಪುರಸ ತಯಾರಿಸಿರೆಂದು ಕೆಳಗೆ ಹೋಗಬೇಕಾದ ಅಪ್ಪಣೆಯನ್ನೇ ಮಿದುಳು ತಡೆಹಿಡಿಯುತ್ತದೆ. ಥೈರಾಯ್ಡನ್ನೂ ನಿಧಾನ ಮಾಡುತ್ತದೆ. ರಸ ಇಳಿದರೆ ಸುಸ್ತು, ಬೇಸರ, ಯಾವುದೂ ಬೇಡವೆಂಬ ಭಾವ. ರಸ ಕಡಿಮೆಯಾದದ್ದರಿಂದ ಊಟ ಮೈಗೆ ಹತ್ತಲಿಲ್ಲ ಎಂದು ನಾವು ತಿಳಿದಿದ್ದೆವು. ನಡೆದದ್ದು ತಿರುವುಮುರುವು, ಊಟವಿಲ್ಲದೆ ರಸ ಇಳಿದಿತ್ತು. ಇನ್ನೊಂದು ತಪ್ಪನ್ನೂ ಡಾಕ್ಟರ್ ತಾವಾಗಿ ಒಪ್ಪಿಕೊಂಡರು. ಹುರುಪುರಸ ಬೆಳಗಿನ ಹೊತ್ತು ಏರಿ ಮಧ್ಯಾಹ್ನಕ್ಕೆ ಇಳಿಯುತ್ತದೆ, ಉಂಡ ಮೇಲೂ ಇಳಿಯುತ್ತದೆ. ಅದನ್ನು ನೋಡಬೇಕಾದದ್ದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಅದೂ ಎರಡು ಬೇರೆ ಬೇರೆ ದಿನ. ನೆರಳುಗಾರರು ಮುಂಜಾನೆ ಹಗ್ಗ ಬಿಟ್ಟು ಬರುವಂತಿಲ್ಲವೆಂದು ಎಲ್ಲರ ರಕ್ತವನ್ನೂ ಮಧ್ಯಾಹ್ನ ಊಟದ ಮೇಲೆ ತೆಗೆಯುತ್ತಿದ್ದರು. ಗುರುವಾರದ ಸೂಜಿಯನ್ನು ಆಕೆ ಅಲ್ಲೇ ತಡೆದರು. ಮೂರು ತಿಂಗಳು ಸರಿಯಾಗಿ ಉಣ್ಣಲಿ, ಆಮೇಲೂ ರಸ ಏರದಿದ್ದರೆ ಸೂಜಿಯ ಮಾತು ಎಂದರು. ಏರದೆಯೂ ಇರಬಹುದು, ಈಗಲೇ ಕುಣಿಯಬೇಡ ಎಂದು ನನಗೆ ಎಚ್ಚರಿಕೆಯನ್ನೂ ಕೊಟ್ಟರು. ನಾನು ಅಷ್ಟು ಹೊತ್ತಿಗೆ ಕುಣಿದಾಗಿತ್ತು.

ಔಷಧದ ಚೀಟಿಯಲ್ಲಿ ಆಕೆ ಬರೆದದ್ದು ಒಂದೇ ಪದ, ಒಲೆ. ಮೂರು ತಿಂಗಳ ಒಲೆಚೀಟಿ! ನಮ್ಮ ಬೀದಿಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ನೋಡಲು ಜನ ಸಾಲುಗಟ್ಟಿ ಬಂದರು. ನನಗೋ ರೊಟ್ಟಿ ಬಡಿಯಲು ಬರದು. ಹಬ್ಬದ ಹನ್ನೆರಡು ದಿನವೂ ಅತ್ತೆಯೇ ಮಾಡುತ್ತಿದ್ದುದರಿಂದ ನಾನು ಕೈ ಕಟ್ಟಿ ನಿಂತವಳು. ಅತ್ತೆ ಎದೆಯುಬ್ಬಿಸಿ ಕೂತು ಕಲಿಸಿದರು, ಬೈಗುಳವನ್ನು ಹಿಟ್ಟಿಗಿಂತ ಹೆಚ್ಚು ಬಳಸಿದರು. ಮೊದಲ ವಾರ ನನ್ನ ಸೊಟ್ಟ ರೊಟ್ಟಿಯನ್ನು ಫಕ್ಕೀರೇಶ ಹಾಗೇ ಮುರಿದು ತಿಂದ. ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಝುಣಕ, ತತ್ತಿ, ಶೇಂಗಾ ಹಿಂಡಿಯ ಮೇಲೆ ಧಾರಾಳ ಎಣ್ಣೆ, ಕೆನೆ ತೆಗೆಯದ ಮೊಸರು. ಇಂಥ ಬೇರು ತಿನ್ನು, ಇಂಥ ಲೇಹ್ಯ ನೆಕ್ಕು ಎಂದು ನೆರೆಯವರು ಹೇಳಿದ್ದನ್ನೆಲ್ಲ ಡಾಕ್ಟರ್ ಬದಿಗಿಡಿಸಿದರು. ಯಾವ ಒಂದು ತಿನಿಸಿನಲ್ಲೂ ಮಾಯೆ ಇಲ್ಲ, ದುಡಿಮೆಗೆ ತಕ್ಕಷ್ಟು ಹೊಟ್ಟೆ ತುಂಬಬೇಕು, ಕಾಳು ಮತ್ತು ಜಿಡ್ಡು ಎರಡೂ ಇರಬೇಕು, ನಿದ್ದೆ ಕೆಡಬಾರದು, ಇಷ್ಟೇ ಎಂದರು.

ಮೊದಲ ದಿನದ ಊಟದಲ್ಲೇ ಇನ್ನೊಂದು ಗುಟ್ಟು ಒಡೆಯಿತು. ಎರಡು ರೊಟ್ಟಿ ಆಗುತ್ತಲೇ ಫಕ್ಕೀರೇಶ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಎಂದ. ನಾನು ಬುಟ್ಟಿ ಹಿಂದಕ್ಕೆ ತೆಗೆದುಕೊಂಡೆ. ಅತ್ತೆ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿ, ಬುಟ್ಟಿ ಕಸಿದುಕೊಂಡು, ಅವನ ಕೈ ಸರಿಸಿ ಬಡಿಸಿದರು. ಮತ್ತೆ ಸಾಕು ಎಂದ, ಮತ್ತೆ ಬಡಿಸಿದರು. ಮೂರು ಸಲ ಸಾಕು ಎಂದವನು ಐದು ರೊಟ್ಟಿ ಉಂಡ. ನಮ್ಮವರಲ್ಲಿ ಮೊದಲ ಸಾಕು ಬರೀ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ, ಮೂರನೆಯದಾದ ಮೇಲೆ ಮುಖ ನೋಡಿ ತಿಳಿಯಬೇಕು ಎಂದು ಅತ್ತೆ ಪಾಠ ಹೇಳಿದರು. ಅಳತೆಮನೆಯ ಯಂತ್ರ ಇನ್ನಷ್ಟು ಬೇಕೇ ಎಂದು ಒಂದು ಸಲ ಕೇಳಿ, ಸಾಕು ಎಂಬ ಮಾತನ್ನು ನಂಬಿ ಮುಂದಕ್ಕೆ ಹೋಗುತ್ತಿತ್ತು. ಒತ್ತಾಯ ಮಾಡಿಸಿಕೊಳ್ಳಲು ಕಾದು ಕೂತ ಒಂಬತ್ತು ಗಂಡಸರು ಅರೆಹೊಟ್ಟೆಯಲ್ಲಿ ಎದ್ದು ಬರುತ್ತಿದ್ದರು. ಹೆಂಗಸರಿಗೆ ಈ ಕಾಯಿಲೆ ಏಕೆ ತಟ್ಟಲಿಲ್ಲ ಎಂಬುದೂ ಆಗ ಹೊಳೆಯಿತು. ನಮ್ಮನ್ನು ಊಟ ಆತಾ ಎಂದು ಕೇಳಿ ನೋಡಿ. ಎಲ್ಲಿ ಆತು, ಇನ್ನೂ ಇಲ್ಲ, ನಿನ್ನೆ ಪಲ್ಯಕ್ಕೆ ಉಪ್ಪೇ ಇರಲಿಲ್ಲ, ಮೊಸರು ಹುಳಿಯಾಗಿತ್ತು ಎಂದು ಪುರಾಣವನ್ನೇ ಬಿಚ್ಚುತ್ತೇವೆ. ಕಿವಿಮಣಿಗೆ ನಮ್ಮ ಹೊಟ್ಟೆಯ ಸತ್ಯ ಪೂರಾ ಗೊತ್ತಿತ್ತು.

ಡಾಕ್ಟರ್ ಅಳತೆಮನೆಯವರನ್ನು ಕರೆಸಿ ಮಾತಾಡಿದರು. ಈಗ ಆತು ಎಂದರೆ ಕಿವಿಮಣಿ ಗುರುತು ಹಾಕುವುದಿಲ್ಲ, ಏನು ಉಂಡಿರಿ ಎಂದು ಮೆಲ್ಲಗೆ ತಿರುಗಿ ಕೇಳುತ್ತದೆ. ಸಾಕು ಎಂಬುದನ್ನು ಮೂರು ಸಲ ಕೇಳಿಯೇ ಮುಂದಕ್ಕೆ ಹೋಗುತ್ತದೆ. ಒಂಬತ್ತು ಮಂದಿಯಲ್ಲಿ ಏಳು ಜನರ ಸುಸ್ತು ಇಳಿಮುಖವಾಗಿದೆ. ಉಳಿದಿಬ್ಬರಲ್ಲಿ ಒಬ್ಬನಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಹೊಸದಾಗಿ ಕಾಣಿಸಿದೆ. ಇನ್ನೊಬ್ಬನಿಗೆ ನಿಜವಾಗಿಯೂ ಸೂಜಿಯೇ ಬೇಕಾಯಿತು, ಅವನು ಈಗ ಚೆನ್ನಾಗಿದ್ದಾನೆ. ಹಗ್ಗದ ಸುಸ್ತಿನ ಮೇಲೆ ಭಾಷಣ ಮಾಡಿದವರು ಎದುರಾದರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಾರೆ.

ಈಗ ನಿಮ್ಮಲ್ಲಿ ನನ್ನ ಕೋರಿಕೆ. ನಿಮ್ಮ ಮನೆಯ ಗಂಡಸು ಆರು ತಿಂಗಳಿಂದ ಸುಸ್ತು ಎಂದು ಒರಗಿದ್ದರೆ, ವಯಸ್ಸಾಯಿತು ಎಂದೋ ಸೋಮಾರಿ ಎಂದೋ ಹಣೆಪಟ್ಟಿ ಹಚ್ಚಬೇಡಿ. ಜಾಹೀರಾತಿನ ಪುಡಿಯನ್ನೂ ವ್ಯಾಯಾಮಶಾಲೆಯ ಗೆಳೆಯನ ಸೂಜಿಯನ್ನೂ ನಂಬಿ ಹೋಗಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಎಲ್ಲ ಬಾಗಿಲೂ ನೋಡಲಿ. ಹುರುಪುರಸ ನೋಡುವುದಾದರೆ ಬೆಳಿಗ್ಗೆ ನೋಡಲಿ, ಎರಡು ಸಲ ನೋಡಲಿ. ಮಗು ಬೇಕೆನ್ನುವವರು ಸೂಜಿಗೆ ಮೊದಲು ಆ ಮಾತನ್ನು ಬಾಯಿ ಬಿಟ್ಟು ಹೇಳಲಿ. ನನ್ನ ಕಥೆ ಕೇಳಿ ನಾಳೆಯಿಂದ ಐದೈದು ರೊಟ್ಟಿ ಬಡಿಸಲು ಹೊರಡಬೇಡಿ, ಅದು ಇನ್ನೊಂದು ತಪ್ಪು. ನಿಮ್ಮ ಕಾಲದವರಲ್ಲಿ ಕೂತೇ ದುಡಿದು, ಸೊಂಟದ ಸುತ್ತ ಬೊಜ್ಜು ಬೆಳೆಸಿ, ಅದರಿಂದಲೇ ರಸ ಇಳಿಸಿಕೊಂಡವರು ಹೆಚ್ಚೆಂದು ಡಾಕ್ಟರ್ ಹೇಳಿದರು. ಅವರಿಗೆ ತಟ್ಟೆ ತಗ್ಗಬೇಕು, ನಡಿಗೆ ಹೆಚ್ಚಬೇಕು. ನಿಮ್ಮವನ ಹೊಟ್ಟೆಯಲ್ಲಿ ಏನಿದೆ ಎಂದು ಮೊದಲು ಕೂತು ಕೇಳಿ. ಒಂದು ಪದದ ಉತ್ತರ ಬಂದರೆ ಎದ್ದು ಹೋಗಬೇಡಿ, ಇನ್ನೊಂದು ಸಲ ಕೇಳಿ.

ಇಷ್ಟು ಹೊತ್ತು ತಡೆದಿಟ್ಟ ಮಾತನ್ನು ಇನ್ನು ಹೇಳಿಬಿಡುತ್ತೇನೆ. ಮೊನ್ನೆಯೊಮ್ಮೆ, ಇವತ್ತೊಮ್ಮೆ ಬೆಳಿಗ್ಗೆ ಏಳೂವರೆಗೆ ಖಾಲಿ ಹೊಟ್ಟೆಯಲ್ಲಿ ಅವನ ರಕ್ತ ತೆಗೆದರು. ನಾನೂರ ಅರವತ್ತು, ನಾನೂರ ಎಂಬತ್ತು! ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಡಾಕ್ಟರ್ ಆ ಹಳೆಯ ಒಪ್ಪಿಗೆ ಪತ್ರವನ್ನು ತೆಗೆದು ಮೇಜಿನ ಮೇಲೆ ಹರವಿ, ಬೇಡ ಎಂದು ಅವನು ಬರೆದ ಕಡೆ ಬೆರಳಿಟ್ಟು, ಇದನ್ನು ಹೀಗೇ ಇಟ್ಟುಕೊಳ್ಳಲಾ ಎಂದು ಕೇಳಿದರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಅಂಕಿ ಏರಿದ ಮಾತ್ರಕ್ಕೆ ಮನಸ್ಸೂ ಏರಬೇಕೆಂದೇನಿಲ್ಲ, ಅವನು ನನಗೋಸ್ಕರ ಹೇಳುವುದು ನನಗೆ ಬೇಕಾಗಿರಲಿಲ್ಲ. ಹಿಂದಿನಿಂದ ಕಾಗದ ಹರಿಯುವ ಸದ್ದು ಬಂತು. ಡಾಕ್ಟರ್ ಹರಿದರೆಂದುಕೊಂಡೆ. ತಿರುಗಿ ನೋಡಿದರೆ ಎರಡು ತುಂಡೂ ಫಕ್ಕೀರೇಶನ ಕೈಯಲ್ಲಿದ್ದವು.

"ಕೂಸು ಬೇಕ್ರಿ ನಮಗ," ಎಂದ. "ಭಾಳ ಬೇಕಾಗೇತಿ."

ನಿಮ್ಮ ಮುಂದಿನವಳು,
ನಿಂಬೆವ್ವ